ಬರೆದವರ ಹೆಸರು ಹೇಳದೆ ಓದಿಸಿದ ಪತ್ತೇದಾರಿ

ನಮ್ಮ ಓದುಗರ ಬಳಗದಲ್ಲಿ ಪತ್ತೇದಾರಿ ಕಾದಂಬರಿ ಕೈಗೆತ್ತಿಕೊಂಡಾಗ ಒಂದು ದೂರು ಆಗಾಗ ಬರುತ್ತಿತ್ತು. "ಇವರಿಗೆ ಯಾಕೆ ಬೇಕಿತ್ತು ಮೇಡಂ ಈ ಕೊಲೆ ಗಿಲೆ ಎಲ್ಲ?" ಅಗಾಥಾ ಕ್ರಿಸ್ಟಿ ಓದಿದಾಗ ಯಾರೂ ಹೀಗೆ ಅನ್ನುವುದಿಲ್ಲ. ಬೇರೆ ಥರದ ಪುಸ್ತಕ ಬರೆದು ಮನಸ್ಸು ಗೆದ್ದವರು ಪತ್ತೇದಾರಿಗೆ ಕೈ ಹಾಕಿದಾಗ ಮಾತ್ರ ಈ ಬೇಸರ. ಸಾಮಾನ್ಯ ಬೇಸರವೂ ಅಲ್ಲ, ನಮ್ಮವರೇ ಕೈಬಿಟ್ಟರು ಅನ್ನುವಷ್ಟು ಜಾಸ್ತಿ.

ಇದು ಜೋರಾಗಿ ಕೇಳಿಸಿದ್ದು ಜೆ. ಕೆ. ರೌಲಿಂಗ್ ಅವರ 'ದಿ ಕುಕ್ಕೂಸ್ ಕಾಲಿಂಗ್' ಓದುವಾಗ. ಹ್ಯಾರಿ ಪಾಟರ್ ಓದಿಕೊಂಡೇ ಬೆಳೆದ ಹುಡುಗಿಯೊಬ್ಬಳು ಬಳಗದಲ್ಲಿದ್ದಾಳೆ. ಅರ್ಧ ಪುಸ್ತಕಕ್ಕೇ ಸುಸ್ತಾಗಿದ್ದಳು. "ಒಬ್ಬರ ಮನೆಗೆ ಹೋಗ್ತಾನೆ, ಪ್ರಶ್ನೆ ಕೇಳ್ತಾನೆ. ಇನ್ನೊಬ್ಬರ ಮನೆಗೆ ಹೋಗ್ತಾನೆ, ಪ್ರಶ್ನೆ ಕೇಳ್ತಾನೆ. ಅಷ್ಟೇ ಅಲ್ವಾ?" ಅವಳು ಹೇಳಿದ್ದು ಸುಳ್ಳೇನಲ್ಲ. ಲಂಡನ್ನಿನ ರೂಪದರ್ಶಿಯೊಬ್ಬಳು ಬಾಲ್ಕನಿಯಿಂದ ಬಿದ್ದು ಸತ್ತಿರುತ್ತಾಳೆ. ಯುದ್ಧದಲ್ಲಿ ಕಾಲು ಕಳೆದುಕೊಂಡ ಖಾಸಗಿ ಪತ್ತೇದಾರ ಸ್ಟ್ರೈಕ್ ಅವಳ ಸುತ್ತಲಿನವರನ್ನೆಲ್ಲ ಕೂರಿಸಿಕೊಂಡು ಮಾತಾಡಿಸುತ್ತಾನೆ. ಪುಸ್ತಕದ ಬಹುಪಾಲು ಆ ಮಾತುಕತೆಯೇ. ನನಗೆ ಅದೇ ಇಷ್ಟವಾಗಿತ್ತು. ಅವಳಿಗೆ ಅದೇ ಕಷ್ಟವಾಗಿತ್ತು.

ಆ ಪುಸ್ತಕದ ಹಿಂದಿನ ಕತೆ ನೆನಪಿರಬಹುದು. 2013ರ ಏಪ್ರಿಲ್‌ನಲ್ಲಿ ಅದು ಬಂದದ್ದು ರಾಬರ್ಟ್ ಗಾಲ್‌ಬ್ರೇತ್ ಎಂಬ ಹೊಸ ಲೇಖಕನ ಹೆಸರಿನಲ್ಲಿ. ವಿಮರ್ಶಕರು ಮೆಚ್ಚಿ ಬರೆದರು. ಆದರೆ ಬ್ರಿಟನ್ನಿನಲ್ಲಿ ಗಟ್ಟಿ ರಟ್ಟಿನ ಪ್ರತಿಗಳು ಹೋಗಿದ್ದು ಸುಮಾರು 1,500 ಮಾತ್ರ. ಜುಲೈನಲ್ಲಿ ಗುಟ್ಟು ಹೊರಬಿತ್ತು, ಪುಸ್ತಕ ರಾತ್ರೋರಾತ್ರಿ ಮಾರಾಟದ ಪಟ್ಟಿಯ ತುದಿಗೆ ಹೋಯಿತು. ಅಲ್ಲಿಯವರೆಗೆ ಅದನ್ನು ಓದಿದವರು ಪತ್ತೇದಾರಿ ಬೇಕು ಅಂತ ಓದಿದವರು. ಆಮೇಲೆ ಬಂದವರು ರೌಲಿಂಗ್ ಬೇಕು ಅಂತ ಬಂದವರು. ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಹಾಗಾದರೆ ನಮ್ಮ ಬಳಗದ ಬೇಸರ ಪುಸ್ತಕದ್ದೋ, ಹೆಸರಿನದ್ದೋ? ಇದನ್ನು ನಾವೇ ಓದಿ ತಿಳಿದುಕೊಳ್ಳೋಣ ಅನ್ನಿಸಿತು. ಅದಕ್ಕೆ ತಕ್ಕ ಪುಸ್ತಕ ಬೇಕಿತ್ತು. ಬರೆದವರು ಬೇರೆ ಕಾರಣಕ್ಕೆ ಹೆಸರಾಗಿರಬೇಕು, ನಮ್ಮವರು ಈ ಕತೆಯನ್ನು ಓದಿರಬಾರದು, ನಾನು ಕನ್ನಡಕ್ಕೆ ತಂದು ಹಂಚಿದರೆ ಹಕ್ಕಿನ ತೊಂದರೆ ಇರಬಾರದು. ಎ. ಎ. ಮಿಲ್ನ್ ಅವರ 'ದಿ ರೆಡ್ ಹೌಸ್ ಮಿಸ್ಟರಿ' ಆರಿಸಿಕೊಂಡೆ. ಹೌದು, ಮಕ್ಕಳ ಕತೆ 'ವಿನ್ನಿ ದ ಪೂ' ಬರೆದ ಮಿಲ್ನ್. ಅವರು ಬರೆದ ಪತ್ತೇದಾರಿ ಕಾದಂಬರಿ ಇದೊಂದೇ, 1922ರದು. ಅವರು ತೀರಿಕೊಂಡದ್ದು 1956ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ ಹಕ್ಕು ಇರುವುದು 60 ವರ್ಷ. ಆ ಅವಧಿ ಮುಗಿದಿದೆ.

ಅನುವಾದಕ್ಕೆ ಕೂತಾಗ ಪತ್ತೇದಾರಿ ಎಷ್ಟು ಬೇರೆ ಥರದ ಕಸುಬು ಅನ್ನುವುದು ಕೈಗೇ ತಿಳಿಯಿತು. ಒಂದು ಜಾಗ ಹೇಳುತ್ತೇನೆ. ಹಳ್ಳಿಯ ದೊಡ್ಡ ಮನೆ. ಒಳಗಿನ ಕೋಣೆಯೊಂದರಲ್ಲಿ ಗುಂಡಿನ ಸದ್ದು. ಆಂಟನಿ ಎಂಬ ಅಪರಿಚಿತ ಅದೇ ಹೊತ್ತಿಗೆ ಆ ಮನೆಗೆ ಬರುತ್ತಾನೆ. ಮನೆಯ ಯಜಮಾನನ ಹತ್ತಿರದ ನೆಂಟ ಕೇಲಿ ಬೀಗ ಹಾಕಿದ ಬಾಗಿಲನ್ನು ದಬದಬ ಬಡಿಯುತ್ತಿರುತ್ತಾನೆ. ಕಿಟಕಿಯಿಂದ ಹೋಗಬಹುದಲ್ಲ ಅನ್ನುತ್ತಾನೆ ಆಂಟನಿ. ಇಬ್ಬರೂ ಹೊರಗೆ ಓಡುತ್ತಾರೆ, ಮನೆಯನ್ನು ಸುತ್ತು ಹಾಕಿ ಕಿಟಕಿ ತಲುಪುತ್ತಾರೆ. ಮುಂದೆ ಓಡಿದವನು ಕೇಲಿ. ಓದುವಾಗ ಇದು ಬರೀ ಗಡಿಬಿಡಿಯ ಹಾಗೆ ಕಾಣುತ್ತದೆ. ಎಷ್ಟೋ ಪುಟ ಆದಮೇಲೆ ಆಂಟನಿಗೆ ಹೊಳೆಯುತ್ತದೆ: ಹತ್ತಿರದ ದಾರಿ ಇತ್ತು. ಮನೆಯ ಮೂಲೆಮೂಲೆ ಗೊತ್ತಿದ್ದ ಮನುಷ್ಯ ಅಷ್ಟು ಅವಸರದಲ್ಲಿ ಉದ್ದದ ದಾರಿ ಹಿಡಿದು ಯಾಕೆ ಓಡಿದ?

ನನ್ನ ಮೊದಲ ಕರಡಿನಲ್ಲಿ ಆ ಓಟ ಒಂದು ಚಿಕ್ಕ ವಾಕ್ಯ. "ಓಡಿ ಕಿಟಕಿಯ ಬಳಿ ಬಂದರು." ಓದೋಕೆ ಚೆನ್ನಾಗಿತ್ತು. ಆದರೆ ಹಾಗೆ ಬಿಟ್ಟರೆ ಸುಳಿವೇ ಹೋಯಿತು, ಮುಂದೆ ಆಂಟನಿ ಮಾಡುವ ಊಹೆಗೆ ಓದುಗರ ಕೈಯಲ್ಲಿ ಆಧಾರವೇ ಇರುವುದಿಲ್ಲ. ಎಲ್ಲೆಲ್ಲಿ ತಿರುಗಿದರು ಅನ್ನುವುದನ್ನೆಲ್ಲ ಇಟ್ಟು ಮತ್ತೆ ಬರೆದೆ. ಜಾಸ್ತಿ ಒತ್ತಿ ಹೇಳಿದರೂ ತೊಂದರೆ, ಆಟ ಅಲ್ಲೇ ಬಯಲಾಗುತ್ತದೆ. ಸಾಮಾನ್ಯ ಕಾದಂಬರಿಯಲ್ಲಿ ಬೇಡದ್ದನ್ನು ತೆಗೆದರೆ ಬರಹ ಚುರುಕಾಗುತ್ತದೆ. ಇಲ್ಲಿ ಬೇಡ ಅನ್ನಿಸಿದ್ದೇ ಬೇಕಾದದ್ದು.

ಬಳಗಕ್ಕೆ ಎರಡೆರಡು ಅಧ್ಯಾಯದ ಜೆರಾಕ್ಸ್ ಕೊಡುತ್ತಾ ಹೋದೆ. ಒಟ್ಟು 22 ಅಧ್ಯಾಯ. ಲೇಖಕರ ಹೆಸರಿಲ್ಲ, ಶೀರ್ಷಿಕೆ ಇಲ್ಲ. ಮೊಬೈಲಿನಲ್ಲಿ ಹುಡುಕಬಾರದು ಅಂತ ಮಾತಾಯಿತು. ಪ್ರತಿಯೊಬ್ಬರ ಹತ್ತಿರ ಒಂದು ಹಾಳೆ: ಏನು ಕಂಡಿತು, ಅದನ್ನು ಹೇಳಿದ್ದು ಯಾರು, ನನ್ನ ಅನುಮಾನ ಯಾರ ಮೇಲೆ. ಎಲ್ಲ ಬಿಚ್ಚಿ ಹೇಳುವ ಕೊನೆಯ ಅಧ್ಯಾಯಗಳನ್ನು ತಡೆಹಿಡಿದೆ, ಮೊದಲು ಹಾಳೆಗಳನ್ನು ಓದಿದೆವು. ಪತ್ತೇದಾರಿಯನ್ನು ಗುಂಪಿನಲ್ಲಿ ಓದುವವರಿಗೆ ನಾನು ಇದೊಂದನ್ನು ಖಂಡಿತ ಹೇಳುತ್ತೇನೆ, ಹಾಳೆ ಇಡಿ. ಹಾಳೆ ಇಲ್ಲದಿದ್ದರೆ ಕೊನೆಯಲ್ಲಿ ಎಲ್ಲರೂ "ನನಗೆ ಮೊದಲೇ ಗೊತ್ತಿತ್ತು" ಅನ್ನುತ್ತಾರೆ, ಅಲ್ಲಿಗೆ ಚರ್ಚೆ ಮುಗಿಯಿತು.

ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಚಿಕ್ಕಂದಿನಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿಗಳನ್ನು ತಂದು ಓದಿ ಮುಗಿಸಿದವರು. ಅವರು ಮಾತು ಕಡಿಮೆ ಬರೆದು, ಹಾಳೆಯ ಹಿಂದೆ ಮನೆಯ ನಕ್ಷೆ ಹಾಕಿಕೊಂಡು ಬಂದಿದ್ದರು. ಕಿಟಕಿಗೆ ಎರಡು ದಾರಿ ಗೆರೆ ಎಳೆದು, ಉದ್ದದ್ದರ ಪಕ್ಕ ಪ್ರಶ್ನೆಚಿಹ್ನೆ. ಆಂಟನಿಗಿಂತ ಮುಂಚೆ ಅವರಿಗೆ ಸಿಕ್ಕಿಬಿಟ್ಟಿತ್ತು! ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಪತ್ತೇದಾರನಿಗೆ ಗೊತ್ತಿರುವುದೆಲ್ಲ ಓದುಗನಿಗೂ ಗೊತ್ತಿರಬೇಕು ಅಂತ ಮಿಲ್ನ್ ಅವರೇ ತಮ್ಮ ಮುನ್ನುಡಿಯಲ್ಲಿ ಹೇಳಿದ್ದಾರೆ. ಆ ಮಾತು ನಿಜವಾಗಿದ್ದು ಆ ನಕ್ಷೆಯಲ್ಲಿ ಕಾಣುತ್ತಿತ್ತು.

ಶಾಲೆಯಲ್ಲಿ ಪಾಠ ಹೇಳುವ ಗೆಳತಿಯೊಬ್ಬರಿಗೆ ಕೊಲೆಯ ಲೆಕ್ಕ ಅಷ್ಟು ಹಿಡಿಸಿರಲಿಲ್ಲ. ಆಂಟನಿಗೂ ಅವನ ಸ್ನೇಹಿತ ಬಿಲ್‌ಗೂ ನಡೆಯುವ ಮಾತು ತುಂಬಾ ಹಿಡಿಸಿತ್ತು. "ಎಷ್ಟು ಹಗುರವಾಗಿದೆ, ನಗು ಬರುತ್ತೆ" ಅಂತ ಹಾಳೆಯಲ್ಲೇ ಬರೆದಿದ್ದರು. ಎಲ್ಲ ಮುಗಿದ ಮೇಲೆ ಲೇಖಕರ ಹೆಸರು ಹೇಳಿದೆ. ಅವರು ತಮ್ಮ ಮಕ್ಕಳಿಗೆ ಪೂ ಕತೆಗಳನ್ನು ಓದಿ ಹೇಳಿದವರು. "ಅವರಾ ಇದನ್ನ ಬರೆದಿದ್ದು?" ಅಂದರು. ಸ್ವಲ್ಪ ಹೊತ್ತಿಗೆ, "ಹಾಗಾದ್ರೆ ಇನ್ನೂ ತಮಾಷೆ ಇರಬೇಕಿತ್ತು ಕಣ್ರೀ" ಅಂದರು. ಅವರ ಕೈಬರಹದ ಹಾಳೆ ಇನ್ನೂ ಮೇಜಿನ ಮೇಲೇ ಇತ್ತು. ಅದನ್ನು ಅವರ ಮುಂದಿಟ್ಟೆ. ಮತ್ತೆ ಓದಿಕೊಂಡು, "ಹೌದಲ್ವಾ" ಅಂದರು. ನನಗೆ ಬೇಕಿದ್ದ ಉತ್ತರ ಅಲ್ಲಿ ಸಿಕ್ಕಿತು.

ಮಿಲ್ನ್ ಅವರಿಗೂ ಇದರ ಬಿಸಿ ತಟ್ಟಿತ್ತು. 'ಪಂಚ್' ಪತ್ರಿಕೆಯ ಹಾಸ್ಯ ಲೇಖಕರಾಗಿದ್ದ ಅವರು ಪತ್ತೇದಾರಿ ಬರೆಯುತ್ತೇನೆ ಅಂದಾಗ ಏಜೆಂಟರಿಗೂ ಪ್ರಕಾಶಕರಿಗೂ ಬೇಕಿದ್ದದ್ದು ಹಾಸ್ಯದ ಪುಸ್ತಕ. ಪತ್ತೇದಾರಿ ಗೆದ್ದಿತು. ಮುಂದೆ ಮಕ್ಕಳ ಪದ್ಯ ಬರೆಯುತ್ತೇನೆ ಅಂದಾಗ ಇನ್ನೊಂದು ಪತ್ತೇದಾರಿ ಬೇಕು ಅಂದರು. 1926ರ ಮುನ್ನುಡಿಯಲ್ಲಿ ಇದನ್ನೆಲ್ಲ ಅವರು ಬರೆದುಕೊಂಡಿದ್ದಾರೆ. ಅದೇ ವರ್ಷ ಪೂ ಪುಸ್ತಕವೂ ಬಂತು.

ಹೆಸರಿನ ಬೇಸರ ಹೀಗೆ ಕರಗಬಹುದು. ಆದರೆ ನಮ್ಮ ಪಾಟರ್ ಹುಡುಗಿಯ ದೂರಿನಲ್ಲಿ ಬೇರೆ ಒಂದು ಎಳೆ ಇತ್ತು, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಾವು ಮೆಚ್ಚಿದ ಕಾದಂಬರಿಕಾರರಲ್ಲಿ ಹೆಚ್ಚಿನವರ ಶಕ್ತಿ ಇರುವುದು ಪಾತ್ರದ ಮನಸ್ಸಿನೊಳಗೆ ನಮ್ಮನ್ನು ಕರೆದುಕೊಂಡು ಹೋಗುವುದರಲ್ಲಿ. ಪತ್ತೇದಾರಿಯಲ್ಲಿ ಆ ಬಾಗಿಲು ಅರ್ಧ ಮುಚ್ಚಿರಬೇಕು. ಕೊಲೆಗಾರನ ಮನಸ್ಸಿನೊಳಗೆ ಹೋದರೆ ಗುಟ್ಟು ಬಯಲಾಯಿತು, ಅಥವಾ ಲೇಖಕರು ಮುಚ್ಚಿಟ್ಟು ಮೋಸ ಮಾಡಬೇಕಾಯಿತು. ಅದಕ್ಕೇ ರೌಲಿಂಗ್ ಶಂಕಿತರನ್ನೆಲ್ಲ ಹೊರಗಿನಿಂದ, ಸ್ಟ್ರೈಕ್ ಎದುರು ಕೂತು ಮಾತಾಡುವಾಗ ಮಾತ್ರ ತೋರಿಸುತ್ತಾರೆ. ಪಾತ್ರ ಕಟ್ಟುವ ಆಸೆಯೆಲ್ಲ ಆ ಮಾತುಕತೆಗೇ ಹರಿಯುತ್ತದೆ, ಪುಸ್ತಕ ದಪ್ಪಗಾಗುತ್ತದೆ. 2020ರ ಹೊತ್ತಿಗೆ ಆ ಸರಣಿಯ ಐದನೇ ಕಾದಂಬರಿ 900 ಪುಟ ದಾಟಿತು. ಕಜುವೋ ಇಶಿಗುರೊ 2000ದಲ್ಲಿ ತಂದ 'ವೆನ್ ವಿ ವರ್ ಆರ್ಫನ್ಸ್' ಇದಕ್ಕೆ ಪೂರ್ತಿ ಎದುರು. ಅಲ್ಲಿ ಕತೆ ಹೇಳುವವನೇ ಪತ್ತೇದಾರ, ನಾವು ಅವನ ತಲೆಯೊಳಗೇ ಇರುತ್ತೇವೆ, ಸುಳಿವುಗಳೆಲ್ಲ ಅವನ ಬಾಲ್ಯದ ನೆನಪಿನಲ್ಲಿ ಮಸುಕಾಗುತ್ತವೆ. ನಾನು ಅದನ್ನು ಬಹಳ ಪ್ರೀತಿಯಿಂದ ಓದಿದ್ದೇನೆ. ಆದರೆ ಹಾಳೆ ಹಿಡಿದುಕೊಂಡು ಓದುವವರಿಗೆ ಅದನ್ನು ಕೊಡುವುದಿಲ್ಲ.

ಇನ್ನು ಮಿಲ್ನ್ ಪುಸ್ತಕದ ಮೇಲೆ ನಮ್ಮ ಸರ್ವೆ ಹಿರಿಯರು ಎತ್ತಿದ ಆಕ್ಷೇಪ. ಸತ್ತವನು ಯಾರು ಅಂತ ಅವನನ್ನು ಬಲ್ಲವರಿಂದ ಪೊಲೀಸರು ಸರಿಯಾಗಿ ಗುರುತು ಹಿಡಿಸಲೇ ಇಲ್ಲ ಅಂತ ಅವರು ಪಟ್ಟು ಹಿಡಿದರು. "ಪಂಚನಾಮೆ ಅಂದ್ರೆ ಹೀಗಾ ಮೇಡಂ? ನಮ್ಮ ತಾಲ್ಲೂಕಿನಲ್ಲೂ ಹೀಗೆ ಬಿಡಲ್ಲ." ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ 1944ರ ತಮ್ಮ ಲೇಖನದಲ್ಲಿ ಈ ಕಾದಂಬರಿಯ ಮೇಲೆ ಹೊರಿಸಿದ ತಪ್ಪುಗಳಲ್ಲಿ ಇದೂ ಒಂದು. ಓದಲು ಹಿತವಾದ ಪುಸ್ತಕ ಅಂತ ಒಪ್ಪಿಕೊಂಡೇ, ಒಗಟಿನ ಬುಡವೇ ಗಟ್ಟಿ ಇಲ್ಲ ಅಂತ ಅವರು ತೋರಿಸಿಕೊಟ್ಟರು. ಹಿರಿಯರು ಆ ಲೇಖನ ಓದಿದವರಲ್ಲ. ಲೇಖಕರ ಹೆಸರೂ ಗೊತ್ತಿಲ್ಲದಾಗಲೇ ಅವರಿಗೆ ಆದ ನಿರಾಸೆ ಅದು, ಹೆಸರು ತಿಳಿದ ಮೇಲೂ ಹಾಗೇ ಉಳಿಯಿತು. ಅವರ ದೂರು ಸರಿಯಾಗಿದೆ ಅಂತ ನಾನು ಬಳಗದ ಮುಂದೆಯೇ ಹೇಳಿದೆ. ಈ ಕನ್ನಡ ರೂಪವನ್ನು ಅಚ್ಚು ಮಾಡಿಸುವ ದಿನ ಬಂದರೆ, ಅವರ ಒಪ್ಪಿಗೆ ಕೇಳಿ ಆ ಮನೆಯ ನಕ್ಷೆಯನ್ನೂ ಒಳಗೆ ಹಾಕಿಸುತ್ತೇನೆ.