ದೊಡ್ಡ ಬಾಕ್ಸಿಂಗ್ ಪಂದ್ಯ ನಡೆಯುತ್ತೋ ಇಲ್ಲವೋ, ಮೊದಲೇ ಗೊತ್ತು ಮಾಡಿಕೊಳ್ಳೋದು ಹೇಗೆ?

ಇಬ್ಬರು ಚಾಂಪಿಯನ್ನರು ಬೈದಾಡಿಕೊಂಡ ಮಾತ್ರಕ್ಕೆ ಪಂದ್ಯ ಆಗೇಬಿಡುತ್ತೆ ಅಂತ ಸುಮ್ನೆ ಖುಷಿಪಡಬೇಡಿ. ಮೊದಲು ಇಬ್ಬರ ಪ್ರೊಮೋಟರ್ (ಪಂದ್ಯ ಏರ್ಪಡಿಸೋನು) ಯಾರು, ಒಪ್ಪಂದ ಯಾವ ಚಾನೆಲ್ ಜೊತೆ ಅಂತ ನೋಡಿ. ಬೇರೆ ಬೇರೆ ಆಗಿದ್ದರೆ ತಡ ಗ್ಯಾರಂಟಿ. ಮೇವೆದರ್, ಪಕಿಯಾವೊ ಮಾತುಕತೆ 2010ರ ಶುರುವಿನಲ್ಲೇ ಉದ್ದೀಪನ ಮದ್ದು ಪತ್ತೆಯ ರಕ್ತಪರೀಕ್ಷೆ ವಿಷಯಕ್ಕೆ ಮುರಿದುಬಿತ್ತು. ಪಂದ್ಯ ನಡೆದದ್ದು 2015ರ ಮೇ 2ಕ್ಕೆ, ಅದೂ ಇಬ್ಬರ ಚಾನೆಲ್‌ಗಳಾದ ಎಚ್‌ಬಿಒ, ಶೋಟೈಮ್ ಎರಡೂ ಸೇರಿ ಪ್ರಸಾರ ಮಾಡೋಕೆ ಒಪ್ಪಿದ ಮೇಲೆ. ಅಷ್ಟರಲ್ಲಿ ಇಬ್ಬರಿಗೂ ವಯಸ್ಸಾಗಿತ್ತು, ಪಂದ್ಯವೂ ಸಪ್ಪೆ.

ಆಮೇಲೆ ಹಳೆಯ ಒಪ್ಪಂದದಲ್ಲಿ ರೀಮ್ಯಾಚ್ ಷರತ್ತು, ಅಂದ್ರೆ ಅದೇ ಎದುರಾಳಿ ಜೊತೆ ಮತ್ತೆ ಆಡಬೇಕು ಅನ್ನೋ ಮಾತು, ಇದೆಯಾ ಹುಡುಕಿ. ಜನ ಜಾಸ್ತಿ ಮರೆಯೋದು ಇದನ್ನೇ. 2021ರ ಮೇ ತಿಂಗಳಲ್ಲಿ ಟೈಸನ್ ಫ್ಯೂರಿ, ಆಂಟನಿ ಜೋಶುವಾ ಜೊತೆ ಆಗಸ್ಟ್ 14ಕ್ಕೆ ಸೌದಿ ಅರೇಬಿಯಾದಲ್ಲಿ ಪಂದ್ಯ ಅಂತ ವಿಡಿಯೊ ಹಾಕಿದ. ಮರುದಿನವೇ ಮಧ್ಯಸ್ಥಗಾರರ ತೀರ್ಪು ಬಂತು: ಹಳೆಯ ಒಪ್ಪಂದದಂತೆ ಮೊದಲು ಹಿಂದಿನ ಎದುರಾಳಿ ಡಿಯಾಂಟೆ ವೈಲ್ಡರ್ ಜೊತೆ ಮೂರನೇ ಸಲ ಆಡು. ಮುಗೀತಲ್ವಾ ಕಥೆ!

ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ, ಚಾಂಪಿಯನ್ ಪಟ್ಟ ಕೊಡೋ ಈ ನಾಲ್ಕೂ ಸಂಸ್ಥೆಗಳಲ್ಲಿ ಕಡ್ಡಾಯ ಚಾಲೆಂಜರ್, ಅಂದ್ರೆ ಚಾಂಪಿಯನ್ ಆಡಲೇಬೇಕಾದ ಎದುರಾಳಿ, ಯಾರು ಅಂತಲೂ ನೋಡಿ. ಅವನ ಸರದಿ ಬಂದಿದ್ದರೆ ದುಡ್ಡು ಕೊಟ್ಟು ಪಕ್ಕಕ್ಕೆ ಸರಿಸಬೇಕು, ಇಲ್ಲಾ ಬೆಲ್ಟ್ (ಆ ಪಟ್ಟ) ಬಿಡಬೇಕು. 1992ರಲ್ಲಿ ಚಾಂಪಿಯನ್ ರಿಡಿಕ್ ಬೋವ್, ಕಡ್ಡಾಯ ಚಾಲೆಂಜರ್ ಲೆನಾಕ್ಸ್ ಲೂಯಿಸ್ ಜೊತೆ ಆಡೋ ಬದಲು ಡಬ್ಲ್ಯುಬಿಸಿ ಬೆಲ್ಟನ್ನೇ ಕಸದ ಬುಟ್ಟಿಗೆ ಹಾಕಿದ.

ದುಡ್ಡಿನ ಪಾಲು ಎಷ್ಟೆಷ್ಟು ಅನ್ನೋ ಜಗಳ ಇದ್ದೇ ಇರುತ್ತೆ. ಟಿಕೆಟ್ ಮಾರಾಟ ಶುರುವಾಗೋ ತನಕ ರಜೆ ಹಾಕಬೇಡಿ.