ಮೈಲಿ ಬೋರ್ಡು ನೋಡಿ ಗಾಬರಿ ಬೇಡ

ಅಮೆರಿಕ, ಬ್ರಿಟನ್ ಕಡೆ ಸುತ್ತಾಡಲು ಹೋಗುವವರಿಗೆ ಒಂದು ಸಣ್ಣ ಸಲಹೆ. ಅಲ್ಲಿ ರಸ್ತೆ ಬೋರ್ಡುಗಳಲ್ಲಿ ದೂರ ಮೈಲಿಯಲ್ಲೇ ಇರುತ್ತದೆ. ಅದನ್ನು ಕಿಲೋಮೀಟರ್‌ಗೆ ಬದಲಿಸಲು ಫೋನ್ ತೆಗೆಯಬೇಕಿಲ್ಲ. 3, 5, 8, 13, 21, 34, 55 ಈ ಸಾಲು ನೆನಪಿಡಿ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. 5 ಮೈಲಿ ಅಂದರೆ ಸುಮಾರು 8 ಕಿಲೋಮೀಟರ್, 8 ಅಂದರೆ 13, ಹೀಗೆ. ಇದೇ ಫಿಬೊನಾಚಿ ಸರಣಿ. ಪಕ್ಕಪಕ್ಕದ ಸಂಖ್ಯೆಗಳ ಅನುಪಾತ 1.618ರ ಹತ್ತಿರ, ಒಂದು ಮೈಲಿ 1.609 ಕಿಲೋಮೀಟರ್. ಸುಮ್ನೆ ಕಾಕತಾಳೀಯ, ಆದರೂ ಎಷ್ಟು ಚೆನ್ನಾಗಿ ಕೂತಿದೆ ಅಲ್ವಾ?

50 ಮೈಲಿ ಬಂದರೆ 34, 13, 3 ಅಂತ ಒಡೆಯಿರಿ. ಸಾಲಿನಲ್ಲಿ ಅವುಗಳ ಮುಂದಿರುವ 55, 21, 5 ಕೂಡಿದರೆ 81 ಕಿಲೋಮೀಟರ್. ನಿಜವಾದ ಲೆಕ್ಕ 80.5.

ಅಮೆರಿಕದಲ್ಲಿ ತಾಪಮಾನ ಫ್ಯಾರನ್‌ಹೀಟ್‌ನಲ್ಲಿರುತ್ತದೆ; ಅದರಿಂದ 30 ಕಳೆದು ಅರ್ಧ ಮಾಡಿದರೆ ಸಾಕು, ಸುಮಾರಾಗಿ ಸೆಲ್ಸಿಯಸ್ ಸಿಗುತ್ತದೆ. ಸೆಕೆ ಜಾಸ್ತಿ ಇದ್ದಾಗ ಮಾತ್ರ ಎರಡು ಮೂರು ಡಿಗ್ರಿ ಕಡಿಮೆ ಬರುತ್ತದೆ.