ಹೆಗಲ ಮೇಲಿನ ಶಬ್ದ ಮೀಟರ್: ಹಾಕುವುದು ಹೇಗೆ, ಬಂದ ನಂಬರನ್ನು ನಂಬುವುದು ಯಾವಾಗ

"ಸರ, ಇದು ನಾವ್ ಮಾತಾಡೋದೆಲ್ಲಾ ರೆಕಾರ್ಡ್ ಮಾಡ್ತೈತೇನ್ರಿ?"

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಫೆಟ್ಲಿಂಗ್ (ಎರಕ ಹೊಯ್ದ ಕಾಸ್ಟಿಂಗಿನ ಮೇಲಿನ ಬೇಡದ ಲೋಹ ಉಜ್ಜಿ ತೆಗೆಯುವ ಕೆಲಸ) ಮಾಡುವವರೊಬ್ಬರ ಹೆಗಲಿಗೆ ಡೋಸಿಮೀಟರ್, ಅಂದರೆ ದಿನವಿಡೀ ಶಬ್ದ ಅಳೆಯುವ ಮೀಟರ್, ಸಿಕ್ಕಿಸುವಾಗ ಅವರು ಕೇಳಿದ್ದು ಇದು. ನಾನಾಗ ಈ ಕೆಲಸಕ್ಕೆ ಹೊಸಬ. "ಇಲ್ಲ ಇಲ್ಲ, ಸುಮ್ನೆ ಹಾಕ್ಕೊಳ್ರಿ" ಅಂತ ಹೇಳಿ ಆಫೀಸಿಗೆ ಹೋಗಿ ಕೂತೆ. ಸಂಜೆ ಬಂದ ಸರಾಸರಿ 84 ಡೆಸಿಬೆಲ್. ಗ್ರೈಂಡರ್ ಹಿಡಿದು ನಿಲ್ಲುವ ಮನುಷ್ಯನಿಗೆ 84 ಬರುವುದುಂಟಾ? ವಿಚಾರಿಸಿದರೆ, ಮೀಟರ್ ಒಡೆದರೆ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ ಅಂತ ಯಾರೋ ಹೆದರಿಸಿದ್ದರು. ಪಾಪ, ಅವರು ಗ್ರೈಂಡಿಂಗನ್ನೆಲ್ಲ ಜೊತೆಯವರಿಗೆ ಕೊಟ್ಟು ಇಡೀ ದಿನ ಕಾಸ್ಟಿಂಗ್ ಎಣಿಸುತ್ತಾ ದೂರ ನಿಂತಿದ್ದರು. ಮುಂದಿನ ವಾರ ಸರಿಯಾಗಿ ಹೇಳಿ ಮತ್ತೆ ಹಾಕಿಸಿದೆ. ಅದೇ ಮನುಷ್ಯ, ಅದೇ ಜಾಗ, 94.

ಮೀಟರ್ ಎರಡೂ ದಿನ ಸರಿಯಾಗಿಯೇ ಕೆಲಸ ಮಾಡಿತ್ತು. ತಪ್ಪಿದ್ದು ನಾನು. ಕೈಯಲ್ಲಿ ಹಿಡಿಯುವ ಮೀಟರ್ ಈ ಜಾಗದಲ್ಲಿ ಈಗ ಎಷ್ಟು ಶಬ್ದ ಇದೆ ಅಂತ ಹೇಳುತ್ತದೆ, ಅಷ್ಟೇ. ಡೋಸಿಮೀಟರ್ ಹಾಗಲ್ಲ. ಅದು ಶಾನುಭೋಗರ ಹಾಗೆ ಹೆಗಲ ಮೇಲೆ ಕೂತು, ಆ ಮನುಷ್ಯ ಎಲ್ಲೆಲ್ಲಿ ಹೋದರೂ ಕಿವಿಗೆ ಬಿದ್ದ ಶಬ್ದದ ಲೆಕ್ಕ ಬರೆಯುತ್ತಲೇ ಇರುತ್ತದೆ. ಹಾಗಾಗಿ ಅವರ ದಿನ ಎಂದಿನಂತೆ ಇದ್ದರೆ ಮಾತ್ರ ನಂಬರಿಗೆ ಅರ್ಥ.

ಶೆಡ್ಡಿಗೆ ಹೋಗುವ ಮುಂಚೆ

ಕ್ಯಾಲಿಬ್ರೇಷನ್ ಆಫೀಸಿನಲ್ಲೇ ಮಾಡಿ. ಕ್ಯಾಲಿಬ್ರೇಟರ್ ಅಂದರೆ 1000 ಹರ್ಟ್ಸ್‌ನಲ್ಲಿ 94 ಅಥವಾ 114 ಡೆಸಿಬೆಲ್ ಸದ್ದು ಹೊರಡಿಸುವ ಸಣ್ಣ ಡಬ್ಬಿ. 94ರ ಡಬ್ಬಿಯನ್ನು ತೆಗೆದುಕೊಂಡು ಹೋಗಿ 95 ಡೆಸಿಬೆಲ್ ಇರುವ ಶೆಡ್ಡಿನಲ್ಲಿ ನಿಂತು ಚೆಕ್ ಮಾಡುವವರನ್ನು ನೋಡಿದ್ದೇನೆ. ಹೊರಗಿನ ಗದ್ದಲ ಒಳಗೆ ಸೇರಿಕೊಂಡರೆ ಆ ಚೆಕ್‌ಗೆ ಅರ್ಥವೇ ಇಲ್ಲ ಅಲ್ವಾ. ಮೈಕಿನ ಮೇಲಿನ ಸ್ಪಂಜ್ ತೆಗೆಯಿರಿ, ಮೈಕನ್ನು ಡಬ್ಬಿಯೊಳಗೆ ಪೂರ್ತಿ ಕೂರಿಸಿ, ಕೆಲವು ಸೆಕೆಂಡ್ ಬಿಟ್ಟು ಓದಿ, ಬರೆದಿಟ್ಟುಕೊಳ್ಳಿ. ಸಂಜೆ ಮೀಟರ್ ಬಿಚ್ಚಿದ ಮೇಲೆ ಇದನ್ನೇ ಮತ್ತೆ ಮಾಡಬೇಕು. ಬೆಳಗಿಗೂ ಸಂಜೆಗೂ 0.5 ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ದಿನದ ಅಳತೆಯನ್ನು ಬಿಟ್ಟುಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಬಿಟ್ಟುಬಿಡಿ. ಮೀಟರ್ ಮತ್ತು ಕ್ಯಾಲಿಬ್ರೇಟರ್ ಎರಡಕ್ಕೂ ಲ್ಯಾಬಿನ ಸರ್ಟಿಫಿಕೇಟ್ ಇರಬೇಕು, ಅದರ ತಾರೀಖು ಮುಗಿದಿರಬಾರದು.

ಆಮೇಲೆ ಸೆಟ್ಟಿಂಗ್. ಜಾಸ್ತಿ ಜನ ಎಡವುವುದು ಇಲ್ಲೇ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ನಡೆದುಬಂದ ಮಿತಿ 8 ಗಂಟೆಗೆ 90 ಡೆಸಿಬೆಲ್. ಶಬ್ದ 5 ಡೆಸಿಬೆಲ್ ಏರಿದರೆ ಸಮಯ ಅರ್ಧ ಆಗುತ್ತದೆ: 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ, 105ಕ್ಕೆ 1 ಗಂಟೆ. 115 ದಾಟಿದ ನಿರಂತರ ಶಬ್ದದಲ್ಲಿ ಯಾರನ್ನೂ ನಿಲ್ಲಿಸುವ ಹಾಗಿಲ್ಲ. ಇದಕ್ಕೆ ಮೀಟರಿನಲ್ಲಿ 'ಎ' ವೇಯ್ಟಿಂಗ್ (ಕಿವಿ ಕೇಳುವ ಹಾಗೆ ಸದ್ದನ್ನು ತೂಗುವುದು), ಸ್ಲೋ (ನಿಧಾನವಾಗಿ ಸ್ಪಂದಿಸುವುದು), ಕ್ರೈಟೀರಿಯನ್ (8 ಗಂಟೆಯ ಮಿತಿ) 90, ಎಕ್ಸ್‌ಚೇಂಜ್ ರೇಟ್ (ಸಮಯ ಅರ್ಧವಾಗುವ ಏರಿಕೆ) 5, ಥ್ರೆಶೋಲ್ಡ್ (ಇದಕ್ಕಿಂತ ಕಡಿಮೆ ಸದ್ದು ಲೆಕ್ಕಕ್ಕಿಲ್ಲ) 80 ಅಂತ ಇಡುತ್ತೇನೆ. ಪೀಕ್‌ಗೆ (ಕ್ಷಣಮಾತ್ರದ ಅತಿ ಜೋರು ಸದ್ದಿಗೆ) 'ಸಿ' ವೇಯ್ಟಿಂಗ್. ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು ಇನ್ನೂ ಬಿಗಿ: 8 ಗಂಟೆಗೆ 85, ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ.

ಎರಡಕ್ಕೂ ಎಷ್ಟು ಅಂತರ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಕಾರ್ಮಿಕರು 100 ಡೆಸಿಬೆಲ್‌ನಲ್ಲಿ 1 ಗಂಟೆ, 95ರಲ್ಲಿ 2 ಗಂಟೆ, 90ರಲ್ಲಿ 3 ಗಂಟೆ ಇದ್ದರು, ಉಳಿದ 2 ಗಂಟೆ ಸದ್ದಿಲ್ಲದ ಕಡೆ ಅಂತಿಟ್ಟುಕೊಳ್ಳಿ. ನಮ್ಮ ಲೆಕ್ಕದಲ್ಲಿ, ಆಯಾ ಮಟ್ಟಕ್ಕೆ ಬಿಟ್ಟ ಗಂಟೆಗಳಲ್ಲಿ ಅವರು ಬಳಸಿದ್ದು ಎರಡರಲ್ಲಿ ಒಂದು, ನಾಲ್ಕರಲ್ಲಿ ಎರಡು, ಎಂಟರಲ್ಲಿ ಮೂರು. ಕೂಡಿಸಿದರೆ ಶೇ 137.5 ಡೋಸ್ (ದಿನದ ಮಿತಿಯಲ್ಲಿ ಬಳಸಿದ ಪಾಲು, ಶೇ 100 ಅಂದರೆ ಮಿತಿ ಪೂರ್ತಿ). ನಿಯೋಶ್ ಸೆಟ್ಟಿಂಗಿನಲ್ಲಿ ಅದೇ ದಿನ ಸುಮಾರು ಶೇ 770! ಡೆಸಿಬೆಲ್ ಸರಾಸರಿಗೆ ಬದಲಾಯಿಸಿದರೆ ಮೊದಲನೆಯದು 92 ಚಿಲ್ಲರೆ, ಎರಡನೆಯದು ಹತ್ತಿರ ಹತ್ತಿರ 94. ಶೇಕಡಾ ನೋಡಿ ಮ್ಯಾನೇಜರ್ ಬೆಚ್ಚಿ ಬೀಳುತ್ತಾರೆ, ಡೆಸಿಬೆಲ್ ನೋಡಿ ಇಷ್ಟೇನಾ ಅನ್ನುತ್ತಾರೆ. ಹಾಗಾಗಿ ಯಾವ ಸೆಟ್ಟಿಂಗ್ ಅಂತ ಬರೆಯದೆ ಬರೀ ಶೇಕಡಾವನ್ನು ರಿಪೋರ್ಟಿಗೆ ಹಾಕಲೇಬೇಡಿ. ಈಗಿನ ಎಷ್ಟೋ ಮೀಟರ್‌ಗಳು ಎರಡು ಮೂರು ಸೆಟ್ಟಿಂಗನ್ನು ಒಟ್ಟಿಗೇ ಓಡಿಸುತ್ತವೆ. ಇದ್ದರೆ ಎರಡನ್ನೂ ಓಡಿಸಿ.

ಇನ್ನೊಂದು ಗೊಂದಲ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಕೈಗಾರಿಕಾ ಪ್ರದೇಶಕ್ಕೆ ಹಗಲು 75 ಅಂತ ಇದೆಯಲ್ಲ, ಅದು ಹೊರಗಿನ ವಾತಾವರಣದ ಮಿತಿ. ಕೆಲಸಗಾರರ ಕಿವಿಗೂ ಅದಕ್ಕೂ ಸಂಬಂಧ ಇಲ್ಲ.

ಯಾರಿಗೆ ಹಾಕುವುದು

ಮಷಿನ್ ಆಪರೇಟರ್‌ಗೇ ಹಾಕಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಲ್ಪರನ್ನು ಮರೆಯಬೇಡಿ. ಆಪರೇಟರ್ ಒಂದು ಮಷಿನ್ ಮುಂದೆ ನಿಂತಿದ್ದರೆ ಹೆಲ್ಪರ್ ನಾಲ್ಕು ಮಷಿನ್ ನಡುವೆ ಓಡಾಡುತ್ತಿರುತ್ತಾರೆ, ಜೊತೆಗೆ ಏರ್ ಗನ್ ಕೂಡ ಅವರ ಕೈಯಲ್ಲೇ. ಒಂದೇ ತರಹದ ಕೆಲಸ ಮಾಡುವವರನ್ನು ಒಂದು ಗುಂಪು ಮಾಡಿ, ಅದರಿಂದ ಆರಿಸಿ. ಇಡೀ ದಿನದ ಅಳತೆಯಾದರೆ ಕನಿಷ್ಠ ಮೂರು ಶಿಫ್ಟ್ ಬೇಕು. ಮೂರರ ನಡುವೆ 3 ಡೆಸಿಬೆಲ್ ಅಥವಾ ಹೆಚ್ಚು ಅಂತರ ಬಂದರೆ ಇನ್ನೂ ಎರಡು ತೆಗೆಯಬೇಕು ಅಂತ ಐಎಸ್‌ಒ 9612 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅವತ್ತು ಎಷ್ಟು ಪೀಸ್ ಆಯಿತು ಅಂತ ಬರೆದಿಟ್ಟುಕೊಳ್ಳಿ. ಅಳತೆಯ ದಿನವೇ ಸರಿಯಾಗಿ ದೊಡ್ಡ ಪ್ರೆಸ್ಸಿಗೆ ಮೇಂಟೆನೆನ್ಸ್ ಬಂದುಬಿಡುವ ಕಾಕತಾಳೀಯ ನಾನು ನೋಡಿದ್ದು ಒಂದೆರಡು ಸಲ ಅಲ್ಲ!

ಹಾಕುವಾಗ

ಮೊದಲು ಮಾತು, ಆಮೇಲೆ ಕ್ಲಿಪ್. ಇದು ಏನು, ಏಕೆ, ಎಷ್ಟು ಹೊತ್ತು ಅಂತ ಅವರ ಭಾಷೆಯಲ್ಲಿ ಹೇಳಿ. ಒಡೆದರೆ ದುಡ್ಡು ಹಿಡಿಯುವುದಿಲ್ಲ ಅಂತ ಸೂಪರ್‌ವೈಸರ್ ಮುಂದೆಯೇ ಹೇಳಿಸಿ. ರೆಕಾರ್ಡಿಂಗ್ ವಿಷಯದಲ್ಲಿ ಸುಳ್ಳು ಬೇಡ. ಸಾಮಾನ್ಯವಾಗಿ ಇದು ಬರೀ ಶಬ್ದದ ಮಟ್ಟ ಬರೆದುಕೊಳ್ಳುತ್ತದೆ. ಆದರೆ ಕೆಲವು ಮಾಡೆಲ್‌ಗಳಲ್ಲಿ ಜೋರು ಸದ್ದು ಬಂದಾಗ ಆಡಿಯೋ ಹಿಡಿಯುವ ಸೌಲಭ್ಯವೂ ಇರುತ್ತದೆ. ಇದ್ದರೆ ಅವರ ಎದುರಿಗೇ ಆಫ್ ಮಾಡಿ ತೋರಿಸಿ.

ಮೈಕ್ ಹೆಗಲ ಮೇಲೆ, ಯಾವ ಕಿವಿಗೆ ಶಬ್ದ ಜಾಸ್ತಿಯೋ ಆ ಕಡೆ. ಕಿವಿಯಿಂದ ಕನಿಷ್ಠ 10 ಸೆಂಟಿಮೀಟರ್ ದೂರ, ಹೆಗಲಿನಿಂದ ಸುಮಾರು 4 ಸೆಂಟಿಮೀಟರ್ ಮೇಲೆ. ಜೇಬಿಗೆ ಹಾಕಿದರೆ, ಕಾಲರ್ ಒಳಗೆ ಸಿಕ್ಕಿಸಿದರೆ ಬಟ್ಟೆ ಉಜ್ಜುವ ಸದ್ದೇ ರೀಡಿಂಗ್ ಆಗುತ್ತದೆ. ಸ್ಪಂಜ್ ಹಾಕದೆ ಬಿಡಬೇಡಿ. ಫ್ಯಾನ್ ಗಾಳಿ ಮೈಕಿಗೆ ನೇರ ಹೊಡೆದರೂ ಸುಳ್ಳು ಶಬ್ದ ಬರುತ್ತದೆ, ಬೇಸಿಗೆಯಲ್ಲಿ ಪೆಡೆಸ್ಟಲ್ ಫ್ಯಾನ್ ಇಲ್ಲದ ಶೆಡ್ ಯಾವುದಿದೆ ಹೇಳಿ.

ಇನ್ನು ಮೈಕನ್ನೂ ಮೀಟರನ್ನೂ ಜೋಡಿಸುವ ಕೇಬಲ್. ನಾನು ಅತಿ ಜಾಸ್ತಿ ಹೆದರುವುದು ಇದಕ್ಕೆ. ಒಂದು ಸಲ ಡ್ರಿಲ್ಲಿಂಗ್ ಮಷಿನ್ ಹತ್ತಿರ ಒಬ್ಬರು ಬಗ್ಗಿದಾಗ ಎದೆ ಮುಂದೆ ಕೇಬಲ್ಲಿನ ಒಂದು ಗೇಣು ಸುರುಳಿ ಇಳಿಬಿದ್ದಿದ್ದನ್ನು ನೋಡಿ ನನಗೆ ಬೆವರು ಕಿತ್ತುಬಂತು. ತಿರುಗುವ ಚಕ್‌ಗೆ ಅದು ಸಿಕ್ಕಿದ್ದರೆ ಮೀಟರಿನ ಜೊತೆ ಮನುಷ್ಯರೂ ಹೋಗುತ್ತಿದ್ದರು. ಲೇತ್, ಡ್ರಿಲ್, ರೋಲರ್, ಕನ್ವೇಯರ್ ಹತ್ತಿರ ಕೆಲಸ ಮಾಡುವವರಿಗೆ ಕೇಬಲ್ ಇಲ್ಲದ, ಹೆಗಲ ಮೇಲೇ ಕೂರುವ ಮೀಟರ್ ಹಾಕಿ. ಅದು ಇಲ್ಲದಿದ್ದರೆ ಕೇಬಲ್ಲನ್ನು ಅಂಗಿಯ ಒಳಗಿಂದ ಬೆನ್ನ ಕಡೆ ತಂದು ಟೇಪ್ ಹಚ್ಚಿ. ಹಚ್ಚಿದ ಮೇಲೆ ಕೈ ಮೇಲೆತ್ತಿ, ಬಗ್ಗಿ, ತಿರುಗಿ ಅಂತ ಹೇಳಿ ನೋಡಿ. ಎಲ್ಲಾದರೂ ಸುರುಳಿ ಹೊರಬಂದರೆ ಬಿಚ್ಚಿ ಮತ್ತೆ ಹಾಕಿ. ಮೀಟರ್ ಸರಿಮಾಡಬೇಕಾದರೆ ಅವರನ್ನು ಮಷಿನ್‌ನಿಂದ ಈಚೆ ಕರೆದುಕೊಂಡು ಬಂದೇ ಸರಿಮಾಡಿ.

ಫರ್ನೇಸ್ ಹತ್ತಿರ, ಲೋಹ ಸುರಿಯುವ ಕಡೆ ಮೀಟರಿಗೋಸ್ಕರ ಜಾಕೆಟ್ಟಿನ ಗುಂಡಿ ತೆಗೆದಿಡಬಾರದು. ಜಾಕೆಟ್ ಪೂರ್ತಿ ಮುಚ್ಚಿ, ಮೈಕ್ ಮಾತ್ರ ಹೊರಗೆ. ಕಿಡಿ ಬಿದ್ದರೆ ಸ್ಪಂಜ್ ಕರಗಿ ಅಂಟುತ್ತದೆ, ನಡುನಡುವೆ ನೋಡಿ ಬದಲಾಯಿಸಿ. ಸೇಫ್ಟಿ ಬೆಲ್ಟ್ ಹಾಕಿಕೊಂಡು ಎತ್ತರದಲ್ಲಿ ಕೆಲಸ ಮಾಡುವವರಿಗೆ ಮೀಟರ್ ಅದರ ಪಟ್ಟಿಗೆ ಅಡ್ಡ ಬರಬಾರದು, ಕೆಳಗೆ ಬೀಳುವ ಹಾಗೂ ಇರಬಾರದು.

ಇದೊಂದನ್ನು ದಯವಿಟ್ಟು ಎರಡು ಸಲ ಓದಿ. ಪೇಂಟ್ ಬೂತ್, ಥಿನ್ನರ್ ಇಡುವ ಕೋಣೆ, ಗ್ಯಾಸ್ ಇರುವ ಜಾಗ, ಇಂಥ ಕಡೆ ಮಾಮೂಲಿ ಮೀಟರ್ ಒಯ್ಯಬೇಡಿ. ಫೌಂಡ್ರಿಯಲ್ಲಿ ಇಂಥ ಜಾಗ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಮೋಲ್ಡಿಗೆ ಬಳಿಯುವ ಕೋಟಿಂಗಿನಲ್ಲಿ ಎಷ್ಟೋ ಸಲ ಇರುವುದು ಸ್ಪಿರಿಟ್ಟೇ, ಬಳಿದ ಮೇಲೆ ಬೆಂಕಿ ಹಚ್ಚಿಯೇ ಒಣಗಿಸುತ್ತಾರೆ. ಅಂಥ ಕಡೆ 'ಇಂಟ್ರಿನ್ಸಿಕಲಿ ಸೇಫ್' (ಬೆಂಕಿ ಹೊತ್ತಿಸುವಷ್ಟು ಕಿಡಿ, ಕಾವು ಹುಟ್ಟದ್ದು) ಅಂತ ಸರ್ಟಿಫಿಕೇಟ್ ಇರುವ ಮೀಟರ್ ಬೇಕು, ಅದೂ ಆ ಜಾಗದ ಝೋನ್ (ಅಪಾಯದ ವಲಯ) ಮತ್ತು ಗ್ಯಾಸ್ ಗ್ರೂಪಿಗೆ (ಅಲ್ಲಿರುವ ಗ್ಯಾಸಿನ ವರ್ಗಕ್ಕೆ) ಹೊಂದಬೇಕು. ಅಂಥ ಮೀಟರನ್ನೂ ಅಲ್ಲಿ ಚಾರ್ಜ್ ಮಾಡುವಂತಿಲ್ಲ, ಬ್ಯಾಟರಿ ಬಿಚ್ಚುವಂತಿಲ್ಲ, ಕಂಪ್ಯೂಟರಿಗೆ ಜೋಡಿಸುವಂತಿಲ್ಲ. ಮೀಟರ್ ಸರಿ ಇದ್ದರೂ ನಿಮ್ಮ ಜೇಬಿನ ಫೋನ್ ಅಲ್ಲಿ ಇರಬಾರದು.

ಶಿಫ್ಟ್ ನಡೆಯುವಾಗ

ಹಾಕಿ ಬಿಟ್ಟು ಹೋಗಬೇಡಿ. ಹಾಗಂತ ಬೆನ್ನಿಗೇ ಅಂಟಿಕೊಂಡು ನಿಂತರೂ ಅವರು ಸಹಜವಾಗಿ ಕೆಲಸ ಮಾಡುವುದಿಲ್ಲ. ಗಂಟೆಗೊಮ್ಮೆ ಒಂದು ಸುತ್ತು, ಕೈಯಲ್ಲೊಂದು ನೋಟ್‌ಬುಕ್. ನನ್ನ ಹಳೆಯ ಪುಸ್ತಕದ ಒಂದು ಪುಟ ಹೀಗಿದೆ: "8.10 ಗ್ರೈಂಡಿಂಗ್ ಶುರು. 9.40 ಪಕ್ಕದ ನಾಕ್‌ಔಟ್ (ಅಚ್ಚು ಒಡೆದು ಕಾಸ್ಟಿಂಗ್ ಬಿಡಿಸುವ ಮಷಿನ್) ಆನ್. 10.30 ಚಹಾ, ಹೊರಗೆ. 11.42 ಹೆಲ್ಮೆಟ್ ತೆಗೆಯುವಾಗ ಮೈಕಿಗೆ ತಾಗಿತು. 1.00 ಊಟ, ಮೀಟರ್ ಮೊಳೆಗೆ ನೇತು ಹಾಕಿದ್ದಾರೆ."

ಸಂಜೆ ಗ್ರಾಫ್ ತೆರೆದಾಗ 11.42ಕ್ಕೆ 140 ದಾಟಿದ ಒಂದು ಪೀಕ್ ನೆಟ್ಟಗೆ ನಿಂತಿತ್ತು. ನೋಟ್‌ಬುಕ್ ಇಲ್ಲದಿದ್ದರೆ ಅದನ್ನು ನಿಜವಾದ ಶಬ್ದ ಅಂತ ರಿಪೋರ್ಟಿನಲ್ಲಿ ಬರೆದು, 140ರ ಮಿತಿ ಮೀರಿದೆ ಅಂತ ಇಡೀ ಫ್ಯಾಕ್ಟರಿಯನ್ನು ಎಬ್ಬಿಸುತ್ತಿದ್ದೆ. ಊಟದ ಒಂದು ಗಂಟೆ ಮೊಳೆಯ ಮೇಲೆ ಇದ್ದಿದ್ದೂ ಹಾಗೆಯೇ, ಅದು ಕಾರ್ಮಿಕರ ಕಿವಿ ಕೇಳಿದ ಶಬ್ದ ಅಲ್ಲ, ಗೋಡೆ ಕೇಳಿದ ಶಬ್ದ.

ಮೈಕ್ ಹತ್ತಿರ ಬಾಯಿ ತಂದು "ಹಲೋ ಹಲೋ" ಅನ್ನುವವರು ಪ್ರತಿ ಶಿಫ್ಟಿಗೂ ಒಬ್ಬರು ಇದ್ದೇ ಇರುತ್ತಾರೆ. ಸಿಟ್ಟಾಗಬೇಡಿ. ಸಮಯ ಬರೆದುಕೊಳ್ಳಿ.

ನಿಮ್ಮ ಕಿವಿಯ ವಿಷಯ ಮರೆತೀರಿ ಮತ್ತೆ. ಒಂದು ಮೀಟರ್ ದೂರದಲ್ಲಿ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾಗಿದ್ದರೆ ಅಲ್ಲಿ 85ರ ಆಸುಪಾಸು ಇದೆ ಅಂತಲೇ ತಿಳಿಯಿರಿ, ಕಿವಿಗೆ ಪ್ಲಗ್ ಹಾಕಿಕೊಂಡೇ ಒಳಗೆ ಹೋಗಿ. ಮೀಟರ್ ಹಾಕಿಕೊಂಡವರ ಪ್ಲಗ್ ಕೂಡ ತೆಗೆಸಬೇಡಿ. ಮೈಕ್ ಹೊರಗಿರುವುದರಿಂದ ಪ್ಲಗ್ ಇದ್ದರೂ ಇಲ್ಲದಿದ್ದರೂ ರೀಡಿಂಗ್ ಒಂದೇ. ಪ್ಲಗ್ ಹಾಕಿಕೊಂಡು, ತಲೆ ತಗ್ಗಿಸಿ ಸ್ಕ್ರೀನ್ ನೋಡುತ್ತಾ ನಿಂತರೆ ಹಿಂದಿನಿಂದ ಬರುವ ಫೋರ್ಕ್‌ಲಿಫ್ಟ್ ಕೇಳಿಸುವುದಿಲ್ಲ. ಓದುವುದಿದ್ದರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಕ್ರೇನ್ ಕೆಳಗಂತೂ ಬೇಡವೇ ಬೇಡ.

ನಂಬರ್ ಬಂದ ಮೇಲೆ

ಅದು ಮೊದಲು ತಲುಪಬೇಕಾದದ್ದು ಹೆಗಲು ಕೊಟ್ಟವರಿಗೆ. "ನಿಮ್ಮ ದಿನ 94 ಬಂತು, ಮಿತಿ 90" ಅಂತ ಹೇಳಲು ಎರಡು ನಿಮಿಷ ಸಾಕು.

94 ಅಂದ ಕೂಡಲೇ ಆಫೀಸಿನವರು ಪ್ಲಗ್ ಪ್ಯಾಕೆಟ್ ಎತ್ತಿ ತೋರಿಸುತ್ತಾರೆ: "ಇದರ ಮೇಲೆ 25 ಅಂತ ಇದೆ, 94ರಲ್ಲಿ 25 ಕಳೆದರೆ 69, ಮುಗೀತಲ್ಲ?" ಮುಗಿಯಲಿಲ್ಲ. ಆ 25 ಲ್ಯಾಬಿನಲ್ಲಿ ಸರಿಯಾಗಿ ತುರುಕಿದಾಗ ಬಂದ ಅಂಕಿ. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಶಾ ಹೇಳುವ ಲೆಕ್ಕದಲ್ಲಿ, ರೀಡಿಂಗ್ 'ಎ' ವೇಯ್ಟಿಂಗಿನದ್ದಾದರೆ ಆ 25ರಿಂದ ಮೊದಲು 7 ಕಳೆದು, ಉಳಿದ 18ರಲ್ಲಿ ಅರ್ಧ ಮಾತ್ರ ನಂಬಬೇಕು. ಅಂದರೆ 9. 94ರಲ್ಲಿ 9 ಹೋದರೆ 85, ಅದೂ ಪ್ಲಗ್ ಇಡೀ ದಿನ ಕಿವಿಯಲ್ಲೇ ಇದ್ದರೆ. ಅದಕ್ಕೇ ಮೊದಲು ಮಷಿನ್ ಕಡೆ ನೋಡಿ: ಸಡಿಲವಾದ ಗಾರ್ಡ್, ಒಣಗಿದ ಬೇರಿಂಗ್, ಸೈಲೆನ್ಸರ್ ಇಲ್ಲದ ಏರ್ ಗನ್ ನಾಜಲ್, ತಗಡಿನ ತೊಟ್ಟಿಗೆ ಎತ್ತರದಿಂದ ಬೀಳುವ ಕಾಸ್ಟಿಂಗ್. ಆ ಫೌಂಡ್ರಿಯಲ್ಲಿ ತೊಟ್ಟಿಯ ಒಳಗೆ ಹಳೆಯ ಕನ್ವೇಯರ್ ಬೆಲ್ಟ್ ಹಾಸಿದ್ದಕ್ಕೇ ಠಣ್ ಠಣ್ ಸದ್ದು ಧಪ್ ಧಪ್ ಆಯಿತು. ಖರ್ಚು ಏನೂ ಇಲ್ಲ. ಜೊತೆಗೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ, ಶಬ್ದದಿಂದ ಆಗುವ ಹಾನಿ ಮೊದಲು ಕಾಣುವುದು 4000 ಹರ್ಟ್ಸ್ ಆಸುಪಾಸಿನಲ್ಲಿ, ಅದು ಮಾತುಕತೆಯಲ್ಲಿ ಬೇಗ ಗೊತ್ತಾಗುವುದಿಲ್ಲ. ಶಬ್ದದಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲೇ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು.

ಕೊನೆಗೆ ಮೀಟರ್. ಬಿಚ್ಚಿದ ತಕ್ಷಣ ಸ್ಟಾಪ್ ಒತ್ತಿ, ಇಲ್ಲದಿದ್ದರೆ ನಿಮ್ಮ ಬೈಕಿನ ಸದ್ದೂ ಅವರ ಲೆಕ್ಕಕ್ಕೆ ಸೇರುತ್ತದೆ. ಡೇಟಾ ಡೌನ್‌ಲೋಡ್ ಮಾಡಿ, ಫೈಲ್ ತೆರೆದು ನೋಡಿ, ಆಮೇಲಷ್ಟೇ ಮೆಮೊರಿ ಖಾಲಿ ಮಾಡಿ. ಬೆವರು ಹತ್ತಿದ ಸ್ಪಂಜ್ ತೆಗೆದು ತೊಳೆದು ಒಣಗಿಸಿ, ನಾಳೆ ಅದು ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಮೀಟರನ್ನು ಒಣ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಏರ್ ಗನ್ ಹೊಡೆಯಬೇಡಿ, ಮೈಕಿನ ಪೊರೆ ಹರಿದುಹೋಗುತ್ತದೆ. ಚಾರ್ಜಿಗೆ ಹಾಕಿ ಮನೆಗೆ ಹೋಗಿ.